ಒಥೆಲೋ ಪಾಠದಲ್ಲಿ ಸಿಗುವ ಈ ಜೋನ್ಸ್ ಯಾರು? ಹೆಸರಿನ ನಡುವೆ ‘ಡುರೋಸಿಮಿ’ ಯಾಕೆ?

ಹೊಸ_ಲೆಕ್ಚರರ್:
ಎಲ್ಲರಿಗೂ ನಮಸ್ಕಾರ. ಈ ವರ್ಷ ಮೊದಲ ಸಲ ಡಿಗ್ರಿ ಮಕ್ಕಳಿಗೆ ಶೇಕ್ಸ್‌ಪಿಯರ್ ನಾಟಕ ‘ಒಥೆಲೋ’ ಪಾಠ ಮಾಡಬೇಕು. ನೋಟ್ಸ್‌ಗೆ ಅಂತ ಓದುತ್ತಾ ಹೋದರೆ ಅಡಿಟಿಪ್ಪಣಿಗಳಲ್ಲಿ ಎಲ್ಡ್ರೆಡ್ ಡುರೋಸಿಮಿ ಜೋನ್ಸ್ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತಿದೆ. ಜೋನ್ಸ್ ಅಂದ ಮೇಲೆ ಇಂಗ್ಲೆಂಡಿನವರೇ ಅಂದುಕೊಂಡಿದ್ದೆ. ನೋಡಿದರೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನವರಂತೆ! ಈ ಹೆಸರು ಹೇಗೆ ಬಂತು? ಒಥೆಲೋ ಬಗ್ಗೆ ಅವರು ಅಂಥದ್ದೇನು ಹೇಳಿದ್ದಾರೆ?

ರಿಟೈರ್ಡ್_ಮೇಷ್ಟ್ರು:
ಹೆಸರಿನಿಂದಲೇ ಶುರು ಮಾಡಿದಿರಿ, ಒಳ್ಳೆಯದಾಯಿತು. ಆ ಹೆಸರಿನಲ್ಲಿ ಅವರ ಊರಿನ ಕಥೆಯೇ ಇದೆ.

ಅವರು ಹುಟ್ಟಿದ್ದು 1925ರಲ್ಲಿ, ಸಿಯೆರಾ ಲಿಯೋನ್ ರಾಜಧಾನಿ ಫ್ರೀಟೌನ್‌ನಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿದ ಊರು ಅದು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತಲ್ಲ, ಆಮೇಲೆ ಅವರ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು, ಅದರಲ್ಲಿದ್ದವರನ್ನು ಇಲ್ಲೇ ತಂದು ಇಳಿಸುತ್ತಿತ್ತು. ಅವರಲ್ಲಿ ಈಗಿನ ನೈಜೀರಿಯಾ ಕಡೆಯ ಯೊರುಬಾ ಜನ ಬಹಳ. ಊರಿನಲ್ಲಿ ಇಂಗ್ಲಿಷ್ ಹೆಸರುಗಳು ಹರಡಿದವು, ಮನೆಯೊಳಗಿನ ಹೆಸರುಗಳೂ ಉಳಿದವು. ಇವರ ಸಂತತಿಯೇ ಕ್ರಿಯೋ ಜನ.

‘ಡುರೋಸಿಮಿ’ ಯೊರುಬಾ ಹೆಸರು. ‘ಇದ್ದು ನನ್ನನ್ನು ಮಣ್ಣು ಮಾಡು’ ಅಂತ ಅರ್ಥ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಇಂಥ ಹೆಸರು ಇಡುತ್ತಿದ್ದರು. ನಮ್ಮಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆಯುತ್ತಿದ್ದರಲ್ಲ, ಅದೇ ಭಯ, ಅದೇ ಉಪಾಯ. ಈ ಡುರೋಸಿಮಿ ಗಟ್ಟಿಯಾಗಿಯೇ ಉಳಿದರು. ತೀರಿಕೊಂಡದ್ದು 2020ರಲ್ಲಿ, 95ನೇ ವಯಸ್ಸಿಗೆ.

ಇನ್ನು ಒಥೆಲೋ. ನಾನು ಆ ನಾಟಕವನ್ನು ಹದಿನೆಂಟು ವರ್ಷ ಪಾಠ ಮಾಡಿದೆ. ಕರವಸ್ತ್ರ, ಅಸೂಯೆ, ಒಥೆಲೋಗೆ ಮೋಸ ಮಾಡುವ ಇಯಾಗೋ, ಇಷ್ಟೇ. ಒಥೆಲೋನ ಮೈಬಣ್ಣದ ವಿಷಯ ಬಂದಾಗ ‘ಮೂರ್ ಅಂದರೆ ಅರಬ್ಬರ ಥರ’ ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಇಂಗ್ಲಿಷ್ ಕವಿ, ವಿಮರ್ಶಕ ಕೋಲ್‌ರಿಜ್‌ನಂಥವನೇ ಒಥೆಲೋ ನಿಜವಾದ ಕರಿಯನಾಗಿರಲು ಸಾಧ್ಯವಿಲ್ಲ ಅಂದಿದ್ದ. ನಾನ್ಯಾವ ಲೆಕ್ಕ!

1965ರಲ್ಲಿ ಜೋನ್ಸ್ ಅವರ ಪುಸ್ತಕ ‘ಒಥೆಲೋಸ್ ಕಂಟ್ರಿಮೆನ್’ ಬಂತು. ಅವರು ಕೂಗಾಡಲಿಲ್ಲ. ಸುಮ್ನೆ ಒಂದು ಪ್ರಶ್ನೆ ಕೇಳಿದರು: ಶೇಕ್ಸ್‌ಪಿಯರ್ ಕಾಲದ ಲಂಡನ್ ಜನಕ್ಕೆ ಆಫ್ರಿಕಾ ಎಷ್ಟು ಗೊತ್ತಿತ್ತು? ಉತ್ತರಕ್ಕೆ ಹಳೇ ಪ್ರವಾಸ ಕಥನ, ನಾಟಕ, ಆಸ್ಥಾನದ ಕುಣಿತ ಎಲ್ಲ ತಡಕಾಡಿದರು. ಮೊರಾಕೋದಲ್ಲಿ 1578ರಲ್ಲಿ ನಡೆದ ಯುದ್ಧದ ಮೇಲೆ ಜಾರ್ಜ್ ಪೀಲ್ ಬರೆದ ನಾಟಕ ಸಿಕ್ಕಿತು. ಲಿಯೋ ಆಫ್ರಿಕಾನಸ್‌ನ ಆಫ್ರಿಕಾ ವರ್ಣನೆ 1600ರಲ್ಲಿ ಇಂಗ್ಲಿಷಿಗೆ ಬಂದಿತ್ತು. 1605ರಲ್ಲಿ ರಾಣಿ ಆನ್ ಮತ್ತು ಅವಳ ಸಖಿಯರು ಮೈಗೆ ಕಪ್ಪು ಬಳಿದುಕೊಂಡು ಬೆನ್ ಜಾನ್ಸನ್‌ನ ಆಟದಲ್ಲಿ ಕುಣಿದಿದ್ದರು. ಅಂದರೆ ಜನಕ್ಕೆ ಆಫ್ರಿಕಾ ಗೊತ್ತಿತ್ತು, ಅರ್ಧ ನಿಜ ಅರ್ಧ ಸುಳ್ಳು ಕಲಸಿ. ರಂಗದ ಮೇಲೆ ಕರಿಯ ಅಂದರೆ ದುಷ್ಟ ಅಂತ ಒಂದು ಅಚ್ಚು ಆಗಲೇ ತಯಾರಿತ್ತು. ಶೇಕ್ಸ್‌ಪಿಯರ್ ಮೊದಲು ಆ ಅಚ್ಚಿನಲ್ಲೇ ‘ಟೈಟಸ್ ಆಂಡ್ರಾನಿಕಸ್’ ನಾಟಕದ ಏರನ್ ಎಂಬ ಪಾತ್ರವನ್ನು ಎರೆದ. ಒಥೆಲೋ ಬರೆಯುವಾಗ ಅದನ್ನೇ ಒಡೆದ. ಕರಿ ಮೈಯವನಿಗೆ ಘನತೆ ಕೊಟ್ಟ, ದುಷ್ಟತನವನ್ನು ಬಿಳಿಯ ಇಯಾಗೋಗೆ ಕೊಟ್ಟ. ಅದನ್ನು ಓದಿದ ವರ್ಷ ನನ್ನ ಹಳೇ ನೋಟ್ಸ್ ರದ್ದಿಗೆ ಹೋಯಿತು.

ಬಂದರು_ಇಂಜಿನಿಯರ್:
ಮೇಷ್ಟ್ರೇ, ನಾನು ಕೆಲಸದ ಮೇಲೆ ಎರಡು ವರ್ಷ ಫ್ರೀಟೌನ್‌ನಲ್ಲಿದ್ದೆ. ಶೇಕ್ಸ್‌ಪಿಯರ್ ನನಗೆ ಗೊತ್ತಿಲ್ಲ. ಆದರೆ ಜೋನ್ಸ್ ಹೆಸರು ಗೊತ್ತು, ನಿಘಂಟಿನ ದೆಸೆಯಿಂದ. ಅಲ್ಲಿನ ಮಾತು ಕ್ರಿಯೋ. ‘ಹೌ ಡಿ ಬಾಡಿ?’ ಅಂದರೆ ಹೇಗಿದ್ದೀರಿ ಅಂತ. ಮೊದಲ ವಾರ ನಾನು ಗಾಬರಿಯಾಗಿ ಮೈ ಕೈ ನೋಡಿಕೊಂಡಿದ್ದೆ. ಮಗುವಿಗೆ ‘ಪಿಕಿನ್’, ಅದು ಪೋರ್ಚುಗೀಸ್ ಮೂಲದ್ದು. ಅಲಸಂದೆ ರುಬ್ಬಿ ಕರಿದ ‘ಅಕಾರಾ’ ಯೊರುಬಾದ್ದು. ನಮ್ಮ ವಡೆಯ ಅಣ್ಣತಮ್ಮ ಅನ್ನಿ.

ಅಲ್ಲಿಯವರೇ ಎಷ್ಟೋ ಜನ ಅದನ್ನು ಮುರುಕು ಇಂಗ್ಲಿಷ್ ಅಂತ ನಾಚಿಕೊಳ್ಳುತ್ತಿದ್ದರು. ಅಂಥ ಮಾತಿಗೆ ಜೋನ್ಸ್ ಮತ್ತು ಕ್ಲಿಫರ್ಡ್ ಫೈಲ್ ಸೇರಿ ದಪ್ಪ ನಿಘಂಟು ಮಾಡಿದರು, 1980ರಲ್ಲಿ. ಈ ಫೈಲ್ ಅವರೇ ಆ ದೇಶದ ರಾಷ್ಟ್ರಗೀತೆ ಬರೆದದ್ದು. ಆಕ್ಸ್‌ಫರ್ಡ್‌ನಲ್ಲಿ ಓದಿ, ಶೇಕ್ಸ್‌ಪಿಯರ್ ಬಗ್ಗೆ ಬರೆದು, ಮತ್ತೆ ಸಂತೆಯ ಮಾತಿಗೆ ನಿಘಂಟು ಮಾಡೋದು... ಎಲ್ಲರೂ ಮಾಡಲ್ಲ, ಅಲ್ವಾ?

ಹೊಸ_ಲೆಕ್ಚರರ್:
ಇಬ್ಬರಿಗೂ ಥ್ಯಾಂಕ್ಸ್. ಸರ್, ಅವರು ಕೆಲಸ ಮಾಡಿದ್ದೂ ಅಲ್ಲೇನಾ? ವಿದೇಶಕ್ಕೆ ಹೋಗಲಿಲ್ವಾ?

ರಿಟೈರ್ಡ್_ಮೇಷ್ಟ್ರು:
ಓದಿ ಊರಿಗೇ ವಾಪಸ್ಸು ಬಂದರು. ಫೌರಾ ಬೇ ಕಾಲೇಜು, 1827ರಲ್ಲಿ ಶುರುವಾದದ್ದು, ಈಗ ಗುಡ್ಡದ ಮೇಲಿದೆ. ಅಲ್ಲೇ ಪಾಠ. 1974ರಿಂದ 1985ರವರೆಗೆ ಅಲ್ಲೇ ಪ್ರಿನ್ಸಿಪಾಲ್. ಸುಖದ ಕುರ್ಚಿ ಅಲ್ಲ ಅದು. 1977ರ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷ ಸಿಯಾಕಾ ಸ್ಟೀವನ್ಸ್ ಎದುರೇ ಘೋಷಣೆ ಕೂಗಿದರು. ಆಮೇಲೆ ಆಳುವ ಪಕ್ಷದ ಕಡೆಯವರು ಕಾಲೇಜಿಗೆ ನುಗ್ಗಿ ಹೊಡೆದರು.

1968ರಲ್ಲೇ ‘ಆಫ್ರಿಕನ್ ಲಿಟರೇಚರ್ ಟುಡೇ’ ಪತ್ರಿಕೆ ಶುರು ಮಾಡಿದ್ದರು. ಆಫ್ರಿಕಾದ ಬರವಣಿಗೆಯನ್ನು ಆಫ್ರಿಕಾದವರೂ ಕೂತು ತೂಗಿ ನೋಡಬೇಕು ಅಂತ. ಹೊಗಳಿಕೆಯ ಪತ್ರಿಕೆ ಅಲ್ಲ. ನೈಜೀರಿಯಾದ ಲೇಖಕ ವೋಲೆ ಸೋಯಿಂಕಾ ಮೇಲೆ ಇಡೀ ಪುಸ್ತಕ ಬರೆದದ್ದು 1973ರಲ್ಲಿ, ನೊಬೆಲ್ ಬರಲು ಇನ್ನೂ 13 ವರ್ಷ ಇತ್ತು.

ಒಂದು ವಿಷಯ ಬಿಟ್ಟುಬಿಟ್ಟೆ. ಅವರ ಕಣ್ಣು ಹೋಯಿತು. ಆದರೂ ಸಂಪಾದಕರ ಕೆಲಸ ಬಿಡಲಿಲ್ಲ. ಹೆಂಡತಿ ಮಾರ್ಜೊರಿ ಓದಿ ಹೇಳುತ್ತಿದ್ದರು, ಇವರು ಕೇಳಿ ತೂಗುತ್ತಿದ್ದರು. 2012ರಲ್ಲಿ ಬಂದ ಆತ್ಮಕಥೆಗೂ ಆಕೆಯದೇ ನೆರವು. ನನಗೆ ಈಗ ಕ್ಯಾಟರಾಕ್ಟ್ ಆಪರೇಷನ್ ಆಗಿದೆ. ಪೇಪರ್ ಓದಿ ಹೇಳು ಅಂದರೆ ನಮ್ಮ ಮನೆಯವಳು ರಾಶಿಫಲ ಮಾತ್ರ ಓದುತ್ತಾಳೆ!

ನಿಮಗೆ ಟೈಮ್ ಕಡಿಮೆ ಇದ್ದರೆ 1971ರ ‘ದಿ ಎಲಿಜಬೆಥನ್ ಇಮೇಜ್ ಆಫ್ ಆಫ್ರಿಕಾ’ ಹುಡುಕಿ. ತೆಳ್ಳಗಿದೆ, ಒಂದು ಸಂಜೆಗೆ ಮುಗಿಯುತ್ತದೆ. ದೊಡ್ಡದನ್ನು, ಅಂದರೆ ‘ಒಥೆಲೋಸ್ ಕಂಟ್ರಿಮೆನ್’ ಅನ್ನು, ರಜೆಗೆ ಇಟ್ಟುಕೊಳ್ಳಿ.