ದಲಾಲ್ ಸ್ಟ್ರೀಟ್ ಸುತ್ತ ಅರ್ಧ ದಿನದಲ್ಲಿ ಏನೇನು ನೋಡಬಹುದು?

ಪ್ರಶ್ನೆ: ಮುಂಬೈ ಕೋಟೆ ಪ್ರದೇಶ ನಡೆದು ನೋಡಬೇಕು. ಎಲ್ಲಿಂದ ಶುರು ಮಾಡಲಿ? ಆಲದ ಮರದ ಕೆಳಗೆ ಷೇರುಪೇಟೆ ಹುಟ್ಟಿತು ಅನ್ನೋದು ನಿಜವೇ?

ಉತ್ತರ 1: ನಿಜ. 1850ರ ದಶಕದಲ್ಲಿ ದಲ್ಲಾಳಿಗಳು ಸೇರುತ್ತಿದ್ದುದು ಟೌನ್ ಹಾಲ್ ಎದುರಿನ ಆಲದಡಿ, ಈಗಿನ ಹಾರ್ನಿಮನ್ ಸರ್ಕಲ್ ಬಳಿ. ಸಂಘ ಕಟ್ಟಿದ್ದು 1875ರಲ್ಲಿ. ಚರ್ಚ್‌ಗೇಟ್‌ನಲ್ಲಿ ಇಳಿದು ಫ್ಲೋರಾ ಫೌಂಟನ್, ಸೇಂಟ್ ಥಾಮಸ್ ಕೆಥೆಡ್ರಲ್ (1718), ಟೌನ್ ಹಾಲ್ (1833), ಕೊನೆಗೆ ದಲಾಲ್ ಸ್ಟ್ರೀಟ್. ಊರಿನ ಚರ್ಚ್‌ಗೇಟ್ ಹೆಸರು ಬಂದದ್ದೇ ಈ ಕೆಥೆಡ್ರಲ್‌ನಿಂದ. ಕೋಟೆಬಾಗಿಲು 1860ರ ದಶಕದಲ್ಲೇ ಹೋಯಿತು, ಹೆಸರು ಮಾತ್ರ ಉಳಿಯಿತು.

ಉತ್ತರ 2: 1865 ಬಿಟ್ಟರೆ ಕಥೆ ಅಪೂರ್ಣ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆ ಲಂಕಾಶೈರ್‌ಗೆ ಹತ್ತಿ ನಿಂತಿತು, ಬೊಂಬಾಯಿ ಹತ್ತಿಗೆ ಚಿನ್ನದ ಬೆಲೆ. ಆ ದುಡ್ಡು ಬ್ಯಾಕ್ ಬೇ ಸಮುದ್ರ ತುಂಬಿಸುವ ಕಂಪನಿಯ ಷೇರಿಗೆ ಹರಿಯಿತು. ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು, ಹತ್ತಿ ಕುಸಿಯಿತು. ಮುಂಗಡ ವ್ಯವಹಾರಗಳನ್ನು (ಮುಂದಿನ ದಿನಕ್ಕೆ ಈಗಲೇ ದರ ಗೊತ್ತುಮಾಡಿದ ಒಪ್ಪಂದಗಳನ್ನು) ಚುಕ್ತಾ ಮಾಡಬೇಕಿದ್ದ ಜುಲೈ 1ರಂದು ಕೊಡಲು ಯಾರ ಬಳಿಯೂ ಕಾಸಿರಲಿಲ್ಲ.

ಉತ್ತರ 3: ಭಾನುವಾರ ಹೋದರೆ ರಸ್ತೆ ಖಾಲಿ, ಕಟ್ಟಡ ನೋಡಲು ಸುಖ, ಆದರೆ ಪೇಟೆಯ ಗದ್ದಲ ಸಿಗದು. ದಲಾಲ್ ಸ್ಟ್ರೀಟಿನ ಷೇರುಪೇಟೆ ಕಟ್ಟಡ ಜೀಜೀಭಾಯ್ ಟವರ್ಸ್ ಒಳಗೆ ಸುಮ್ಮನೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಿ.