ಆನೆ ನಿಲ್ತಾನೇ ಇಲ್ಲ, ಕಾಲು ನಾಲ್ಕು ದಿಕ್ಕಿಗೆ! ಏನ್ ಮಾಡ್ಲಿ?

ಕೋಥ್ರೂಡ್_ಅಮ್ಮ:
ನಮಸ್ಕಾರ ಎಲ್ರಿಗೂ, ಪುಣೆಲಿರೋದು, ಮಗಳಿಗೆ ನಾಲ್ಕು ವರ್ಷ. ಮಳೆ ಹಿಡ್ಕೊಂಡ್ಮೇಲೆ ಪಾರ್ಕಿಗೂ ಹೋಗಂಗಿಲ್ಲ, ಅದಕ್ಕೆ ರದ್ದಿಗೆ ಹಾಕೋ ಸಾಮಾನಲ್ಲೇ ಪ್ರಾಣಿ ಮಾಡೋಣ ಅಂತ ಕೂತ್ವಿ. ಮೊಟ್ಟೆ ಟ್ರೇ ಆನೆಗೆ ಪೋಸ್ಟರ್ ಕಲರ್ ಬಳಿದಿದ್ದೇ ತಡ, ಮೆತ್ತಗಾಗಿ ಕೂತ್ಬಿಡ್ತು. ಕೊರಿಯರ್ ಡಬ್ಬದ ರಟ್ಟಲ್ಲಿ ಮಾಡಿದ್ರೆ ಸೊಂಡಿಲು ಬಾಗಲ್ಲ, ಮೊಸರು ಡಬ್ಬಿಗೆ ಫೆವಿಕಾಲ್ ಹಚ್ಚಿದ್ರೆ ಬೆಳಗ್ಗೆ ಕಿವಿ ಉದುರಿರತ್ತೆ. "ಆನೆಗೆ ಜ್ವರಾನಾ ಅಮ್ಮಾ" ಅಂತಾಳೆ. ಇದರ ಮೇಲೆ ಭೀಮಾಶಂಕರದಲ್ಲಿ ನೋಡಿದ ಶೇಕರೂನೂ ಬೇಕಂತೆ, ಅದೇ ನಮ್ಮ ಕೆಂದಳಿಲು, ಇಲ್ಲಿನ ರಾಜ್ಯಪ್ರಾಣಿ.

ಡೊಂಬಿವಲಿ_ಲೋಕಲ್:
ರಟ್ಟಿನ ಅಂಚು ನೋಡಿ, ಒಳಗೆ ಅಲೆಅಲೆಯಾಗಿ ಸಾಲು ಇರತ್ತಲ್ಲ, ಎಲ್ಲಾ ಗುಟ್ಟು ಅಲ್ಲೇ ಇರೋದು. ಕಾಲಿಗೆ ಆ ಸಾಲು ಮೇಲಿಂದ ಕೆಳಕ್ಕೆ ಬರೋ ಹಾಗೆ ಕತ್ತರಿಸಿ, ಕಂಬ ಇದ್ದಂಗೆ ಭಾರ ತಡ್ಕೊಳತ್ತೆ. ಸೊಂಡಿಲಿಗೆ ಸಾಲು ಅಡ್ಡ ಬರ್ಬೇಕು, ಒಂದು ಮೈ ಕಾಗದಕ್ಕೆ ನೀರು ಸವರಿ ಕಿತ್ತಾಕಿ ಪೆನ್ಸಿಲಿಗೆ ಸುತ್ತಿದ್ರೆ ತಾನೇ ಸುರುಳಿ ಆಗತ್ತೆ. ಫೆವಿಕಾಲ್ ನುಣುಪು ಪ್ಲಾಸ್ಟಿಕ್ಕಿಗೆ ಹಿಡಿಯಲ್ಲ, ಒಣಗಿ ಸಿಪ್ಪೆ ಥರ ಎದ್ದ್ಬಿಡತ್ತೆ. ಡಬ್ಬಿಲಿ ನೀವೇ ಸೀಳು ಮಾಡಿಕೊಡಿ, ಕಿವಿ ಅವಳು ಸಿಗಿಸ್ಲಿ. ಟ್ರೇಗೆ ಬಣ್ಣ ನೀರು ಕಮ್ಮಿ ಹಾಕಿ ಗಟ್ಟಿಯಾಗಿ ಕಲಸಿ, ಒಂದೇ ಒಂದು ತೆಳು ಪದರ ಹಚ್ಚಿ ಸಾಕು.

ಹಡಪ್ಸರ್_ಮಂದಿ:
ನಮ್ಮ ವಿಜಾಪುರ ಕಡೆ ಮಣ್ಣೆತ್ತಿನ ಅಮಾಸಿಗೆ ಎತ್ತ ಮಾಡ್ತೀವಲ್ರಿ, ಇಲ್ಲಿ ಮಣ್ಣು ಎಲ್ಲಿಂದ ತರೂದು, ನಾವು ಪೇಪರ್ ಎತ್ತ ಮಾಡಿದ್ವಿ. ಹಳೇ ಪೇಪರ್ ಹರದು ರಾತ್ರಿ ನೆನಸಿ, ಹಿಂಡಿ, ಮೆಂತ್ಯ ಪುಡಿ ಹಾಕಿ ರುಬ್ಬ್ರಿ, ನಮ್ಮಜ್ಜಿ ಹಂಗ ಬುಟ್ಟಿ ಮಾಡಾಕಿ. ಇಲ್ಲಿ ಎತ್ತಿನ ಹಬ್ಬ ಬೈಲ್ ಪೋಳಾಕ್ಕ ಪಕ್ಕದ ಮನೀ ಕಾಕೂ ನಮ್ಮ ಎತ್ತಿಗೇ ಕುಂಕುಮ ಹಚ್ಚಿ ಪೂಜಿ ಮಾಡಿದ್ರು ನೋಡ್ರಿ!

ಮಾಟುಂಗಾ_ಮಾವ:
ಆನೆನೇ ಯಾಕಮ್ಮ? ಕೈಗೆ ಸಿಕ್ಕಿದ ವಸ್ತುಲಿ ಯಾವ ಪ್ರಾಣಿ ಕೂತಿದೆ ನೋಡಿ. ಕರಟ ಬೋರಲು ಹಾಕಿದ್ರೆ ಅರ್ಧ ಆಮೆ ಆಗೇ ಇದೆ. ಶೇಕರೂ ಬಾಲಕ್ಕೆ ತೆಂಗಿನ ನಾರು, ಬಣ್ಣಾನೂ ಬೇಡ. ನಿಮ್ಮೂರಲ್ಲೇ ಅಯುಕಾ ಅನ್ನೋ ಖಗೋಳ ವಿಜ್ಞಾನ ಸಂಸ್ಥೆಲಿ ಅರವಿಂದ್ ಗುಪ್ತಾ ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿ ತೋರ್ಸಿದಾರೆ, 2018ರಲ್ಲಿ ಪದ್ಮಶ್ರೀ ಬಂತು, ವೆಬ್‌ಸೈಟಲ್ಲಿ ಎಲ್ಲಾ ಫ್ರೀ. ಮನೇಲಿ ಇನ್ನೂ ಸಣ್ಣ ಮಗು ಇದ್ರೆ ಕಣ್ಣಿಗೆ ಗುಂಡಿ, ಮಣಿ ಅಂಟಿಸ್ಬೇಡಿ, ಬಾಯಿಗೆ ಹಾಕ್ಕೊಳತ್ವೆ. ಸ್ಕೆಚ್ ಪೆನ್ ಸಾಕು.

ಕೋಥ್ರೂಡ್_ಅಮ್ಮ:
ಆನೆ ನಿಂತಿದೆ!! ಸಾಲಿನ ವಿಷ್ಯ ಗೊತ್ತೇ ಇರ್ಲಿಲ್ಲ. ಶೇಕರೂ ಮಾತ್ರ ಬಾಲ ಭಾರ ಆಗಿ ಹಿಂದಕ್ಕೆ ಮಗುಚ್ತಿತ್ತು, ಮರದ ಮೇಲಿರೋದು ನೆಲದಲ್ಲಿ ಯಾಕೆ ನಿಲ್ಬೇಕು ಅಂತ ಅವಳೇ ಬಟ್ಟೆ ಕ್ಲಿಪ್ ತಂದು ಕಿಟಕಿ ಗ್ರಿಲ್ಲಿಗೆ ಸಿಗಿಸಿದ್ಲು. ಹಡಪ್ಸರ್ ಅವ್ರೇ, ಪೇಪರ್ ಎತ್ತು ಮೂರು ದಿನ ಆದ್ರೂ ಒಣಗಿಲ್ಲ, ವಾಸ್ನೆ ಬರ್ತಿದೆ, ಏನ್ಮಾಡ್ಲಿ?

ಹಡಪ್ಸರ್_ಮಂದಿ:
ಎಷ್ಟ್ ದೊಡ್ಡದ ಮಾಡೀರಿ? ಬೂಷ್ಟು ಹಿಡಿದಿದ್ರ ಒಗೀರಿ ಅತ್ಲಾಗ. ಈ ಸಲ ನಿಂಬಿಹಣ್ಣಿನಷ್ಟು ಮಾಡಿ ಫ್ಯಾನ್ ಕೆಳಗ ಇಡ್ರಿ.