ರಂಗಶಂಕರಕ್ಕೆ ನಾಟಕ ಒಯ್ಯುವಾಗ ಏನು ಬದಲಿಸಬೇಕು, ಏನು ಬಿಟ್ಟುಬರಬೇಕು?

ಕೇಳಿದವರು:
ನಮ್ಮದು ಮಲೆನಾಡಿನ ಹವ್ಯಾಸಿ ತಂಡ. 11 ನಟರು, 95 ನಿಮಿಷದ ನಾಟಕ, ಮಧ್ಯಂತರ ಇಲ್ಲ. ಇದುವರೆಗೆ ಆಡಿದ್ದೆಲ್ಲ ಮುಂದೆ ಪರದೆ ಇರುವ ಸಭಾಭವನಗಳಲ್ಲಿ. ಈಗ ಬೆಂಗಳೂರಿನ ರಂಗಶಂಕರದಲ್ಲಿ ಒಂದು ಭಾನುವಾರ 3:30ಕ್ಕೆ ಮತ್ತು 7:30ಕ್ಕೆ ಎರಡು ಪ್ರದರ್ಶನ ಸಿಕ್ಕಿವೆ. 8 ಅಡಿ ಎತ್ತರದ ನಾಲ್ಕು ಫ್ಲ್ಯಾಟ್ (ಗೋಡೆಯಂತೆ ನಿಲ್ಲಿಸುವ ಚೌಕಟ್ಟು), ಒಂದು ಊಟದ ಮೇಜು, 40 ಲೈಟ್ ಕ್ಯೂ (ಬೆಳಕು ಬದಲಾಗುವ ಸೂಚನೆ) ಇವೆ. ಬಲ್ಲವರು ತಿಳಿಸಿ.

ನಿರ್ದೇಶನದ ಕಡೆಯಿಂದ:
ಮೊದಲನೆಯ ಮಾತು, ಅಲ್ಲಿ ರಂಗ ಮುಂದಕ್ಕೆ ಚಾಚಿಕೊಂಡಿದೆ, ಜನ ಮೂರು ಕಡೆ ಕೂರುತ್ತಾರೆ. ಮುಂಪರದೆ ಇಲ್ಲ. ನಿಮ್ಮ ನಾಟಕ ಒಂದೇ ದಿಕ್ಕಿಗೆ ಮುಖ ಮಾಡಿ ಕಟ್ಟಿದ್ದು. ಹಾಗೇ ಒಯ್ದರೆ ಎಡಬಲದವರಿಗೆ 95 ನಿಮಿಷ ನಟರ ಕಿವಿ ಕಾಣುತ್ತದೆ.

ಊರಿನಲ್ಲೇ ಪರೀಕ್ಷೆ ಮಾಡಿ. ಹಾಲ್‌ನ ನೆಲದ ಮೇಲೆ ಟೇಪ್‌ನಿಂದ ರಂಗದ ಅಳತೆ ಗುರುತಿಸಿ (ನಕ್ಷೆಯನ್ನು ರಂಗಮಂದಿರದವರಿಂದಲೇ ಕೇಳಿ ತರಿಸಿಕೊಳ್ಳಿ, ಅಂದಾಜು ಬೇಡ). ಮೂರು ಬದಿಗೂ ಕುರ್ಚಿ ಹಾಕಿ, ಪ್ರತಿ ಬದಿಗೆ ಒಬ್ಬರನ್ನು ಕೂರಿಸಿ. ಯಾವ ನಟರ ಮುಖವಾದರೂ ಕಾಣದೆ 20 ಸೆಕೆಂಡ್ ದಾಟಿದರೆ ಆ ಬದಿಯಲ್ಲಿ ಕೂತವರು ಕೈ ಎತ್ತಲಿ. ಕೈ ಎದ್ದಲ್ಲೆಲ್ಲ ಚಲನೆ ಬದಲಿಸಿ. ಸಾಮಾನ್ಯವಾಗಿ ಎರಡು ಮದ್ದು ಸಾಕು: ಇಬ್ಬರು ಮಾತಾಡುವಾಗ ಅಡ್ಡಸಾಲಿನಲ್ಲಿ ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸುವುದು, ನಡುವಿನ ಅಂತರ ಹೆಚ್ಚಿಸುವುದು. ಹತ್ತಿರ ಹತ್ತಿರ ನಿಂತ ಇಬ್ಬರು ಒಬ್ಬರನ್ನೊಬ್ಬರು ಮುಚ್ಚುತ್ತಾರೆ, ಆರಡಿ ದೂರ ನಿಂತವರು ಮುಚ್ಚುವುದಿಲ್ಲ. ಸುಮ್ಮಸುಮ್ಮನೆ ಸುತ್ತಾಡಿಸುವುದು ಮದ್ದಲ್ಲ, ಅದು ರೋಗವೇ.

ಬೆಳಕು ಮಾಡುವವರು:
ಎದುರಿನಿಂದ 45 ಡಿಗ್ರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಲೈಟ್ ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯದು. ಪಕ್ಕದಲ್ಲಿ ಕೂತವರಿಗೆ ಅರ್ಧ ಮುಖ ಕತ್ತಲು. ಪ್ರತಿ ಏರಿಯಾಗೆ (ಬೆಳಕಿಗಾಗಿ ಹಂಚಿಕೊಂಡ ರಂಗದ ಭಾಗ) ನಾಲ್ಕು ಮೂಲೆಯಿಂದ ನಾಲ್ಕು, ಕೈ ಹಿಡಿದು ಖರ್ಚು ಮಾಡಬೇಕೆಂದರೆ 120 ಡಿಗ್ರಿ ಅಂತರದಲ್ಲಿ ಮೂರು. ರಂಗವನ್ನು ಆರು ಏರಿಯಾ ಮಾಡಿದರೆ 24 ಅಥವಾ 18 ಲೈಟ್ ಬೇಸ್‌ಗೇ, ಅಂದರೆ ಇಡೀ ರಂಗದ ಮೂಲ ಬೆಳಕಿಗೇ ಹೋಯಿತು. ಉಳಿದದ್ದರಲ್ಲಿ ಸ್ಪೆಷಲ್, ಅಂದರೆ ಒಂದೇ ಜಾಗ ಅಥವಾ ಗಳಿಗೆಗೆಂದು ಇಡುವ ಲೈಟ್.

ಜೆಲ್ (ಲೈಟ್ ಮುಂದೆ ಹಾಕುವ ಬಣ್ಣದ ಹಾಳೆ) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕಡೆ ಲೀ ಕಂಪನಿಯ 103 ಸ್ಟ್ರಾ, ಇನ್ನೊಂದು ಕಡೆ ಲೀ 117 ಸ್ಟೀಲ್ ಬ್ಲೂ ಹಾಕಿದರೆ ಎದುರಿನಿಂದ ಚೆಂದ. ಆದರೆ ಎಡದವರಿಗೆ ಇಡೀ ನಾಟಕ ಹಳದಿ, ಬಲದವರಿಗೆ ಇಡೀ ನಾಟಕ ಜ್ವರ ಬಂದವರ ಮುಖ. ಬೇಸ್ ಬಣ್ಣವಿಲ್ಲದೆ ಇಡಿ, ಹೊತ್ತುಗೊತ್ತಿನ ಬಣ್ಣವನ್ನು ಮೇಲಿನಿಂದ ನೇರ ಕೊಡಿ.

ಹಿಂಬೆಳಕು ಎದುರು ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ಕಡಿದಾಗಿ ಇಳಿಸಿ, ಬಾರ್ನ್ ಡೋರ್ (ಲೈಟ್ ಮುಂದಿನ ತಗಡಿನ ರೆಕ್ಕೆ) ಮುಚ್ಚಿ, ಫೋಕಸ್ ಮುಗಿದ ಮೇಲೆ ಮುಂದಿನ ಸಾಲಿನ ಮೂರು ಬದಿಯಲ್ಲೂ ಒಮ್ಮೆ ಕೂತು ನೋಡಿ. ಇನ್ನೊಂದು, ಬಾಡಿಗೆ ಲೈಟ್ ಸೇರಿಸುವುದಿದ್ದರೆ ಲೋಡ್ ಲೆಕ್ಕ ಹಾಕಿ: 1000 ವಾಟ್ ಲ್ಯಾಂಪ್ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪ್ ಎಳೆಯುತ್ತದೆ. 10 ಆಂಪ್ ಚಾನೆಲ್‌ಗೆ (ಒಂದು ವಿದ್ಯುತ್ ಸಾಲಿಗೆ) ಎರಡು ಸರಿ. ಮೂರನೆಯದು ಹಾಕಿದರೆ 13 ಆಂಪ್, ಟ್ರಿಪ್.

ಕೇಳಿದವರು:
ಮೇಜು ಬಿಡಲು ಆಗುವುದಿಲ್ಲ ಸರ್, 12 ನಿಮಿಷದ ಊಟದ ದೃಶ್ಯ ಇದೆ. ಆರು ಜನ ಕೂರಬೇಕು.

ನಿರ್ದೇಶನದ ಕಡೆಯಿಂದ:
ಮೇಜನ್ನು ಓರೆಯಾಗಿಡಿ, ಉದ್ದದ ಬದಿ ಯಾವ ಸಾಲಿಗೂ ಸಮಾನಾಂತರ ಇರಬಾರದು. ಆರೂ ಜನ ಒಟ್ಟಿಗೆ ಕೂರಲೇಬೇಕೇ? ಬಡಿಸುವವರು ನಿಂತಿರಲಿ, ಒಬ್ಬರು ನೀರಿಗೆ ಏಳಲಿ, ಒಬ್ಬರು ತಡವಾಗಿ ಬರಲಿ. ಪ್ರತಿ ಎರಡು ಮೂರು ನಿಮಿಷಕ್ಕೊಂದು ಸ್ಥಾನಪಲ್ಲಟ ಆದರೆ ಮೂರೂ ಬದಿಗೆ ಎಲ್ಲರ ಮುಖ ಹಂಚಿಕೆಯಾಗುತ್ತದೆ. ಬೆನ್ನೊರಗಿನ ಕುರ್ಚಿ ಬೇಡ, ಸ್ಟೂಲ್ ಸಾಕು. ಸ್ಟೀಲ್ ಜಗ್ ನಡುವೆ ಇಡಬೇಡಿ, ಕೂತವರ ಗಲ್ಲದ ಎತ್ತರಕ್ಕೆ ಬರುತ್ತದೆ, ಲೈಟೂ ಹೊಳೆಯುತ್ತದೆ.

ರಂಗಸಜ್ಜಿಕೆ, ಸ್ಟೇಜ್ ಮ್ಯಾನೇಜ್‌ಮೆಂಟ್:
ಫ್ಲ್ಯಾಟ್ ಎರಡು ಸಾಕು, ಅದೂ ಹಿಂಗೋಡೆಗೆ ಒತ್ತಿ. ಮುಂಭಾಗದಲ್ಲಿ ಎರಡೂವರೆ ಅಡಿಗಿಂತ ಎತ್ತರದ್ದು ಏನೂ ಬೇಡ. ನೆಲಕ್ಕೆ ಮೊಳೆ ಹೊಡೆಯುವ ಯೋಚನೆಯನ್ನೇ ಬಿಡಿ. ಫ್ಲ್ಯಾಟ್‌ನ ಹಿಂದಿನ ಆನಿಕೆ ಮೇಲೆ 10 ಕಿಲೋದ ಮರಳುಚೀಲ. ದೀಪ, ಕರ್ಪೂರ, ಹೊಗೆ ಇದ್ದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ನಿಜವಾದ ಇಕ್ಕಟ್ಟು ಸಮಯದ್ದು. 2004ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದಂದಿನಿಂದ ಅಲ್ಲಿಯ ಸಂಕಲ್ಪ ದಿನಕ್ಕೊಂದು ನಾಟಕ, ಸೋಮವಾರ ಮಾತ್ರ ಬಿಡುವು. ಅಂದರೆ ಶನಿವಾರ ರಾತ್ರಿಯವರೆಗೆ ರಂಗ ಇನ್ನೊಂದು ತಂಡದ್ದು. ನಿಮಗೆ ಉಳಿಯುವುದು ಭಾನುವಾರ ಬೆಳಿಗ್ಗೆ. 9ಕ್ಕೆ ಒಳಗೆ ಬಿಟ್ಟರು ಅಂದುಕೊಳ್ಳಿ: ಅರ್ಧ ಗಂಟೆ ಸಾಮಾನು ಇಳಿಸಲು, 24 ಲೈಟ್ ಫೋಕಸ್, ಒಂದಕ್ಕೆ ಐದು ನಿಮಿಷದಂತೆ ಎರಡು ಗಂಟೆ, ಅಲ್ಲಿಗೆ 11:30. ಕ್ಯೂ ಒಂದಕ್ಕೆ ಮೂರು ನಿಮಿಷ ಹಿಡಿದರೂ 40 ಕ್ಯೂಗೆ ಇನ್ನೆರಡು ಗಂಟೆ, 1:30. ಊಟ, ಪ್ರಸಾಧನ. ನಾಟಕವನ್ನು ಪೂರ್ತಿ ಒಮ್ಮೆ ಆಡಿ ನೋಡಲು ಆಗುವುದೇ ಇಲ್ಲ. ಹಾಗಾಗಿ ಕ್ಯೂ 25ಕ್ಕೆ ಇಳಿಸಿ ಬನ್ನಿ, ಉಳಿದ ಮುಕ್ಕಾಲು ಗಂಟೆಯಲ್ಲಿ ನಟರು ರಂಗದ ಮೇಲೆ ಪ್ರವೇಶ ನಿರ್ಗಮನಗಳನ್ನಾದರೂ ನಡೆದು ನೋಡಲಿ.

ಪರದೆ ಇಲ್ಲದ್ದರಿಂದ ದೃಶ್ಯ ಬದಲಾವಣೆಯೆಲ್ಲ ಕತ್ತಲಲ್ಲಿ. ಮೇಜಿನ ಕಾಲು ಬರುವ ಜಾಗಕ್ಕೆ, ಲೆವೆಲ್‌ನ (ರಂಗದ ಮೇಲಿನ ಎತ್ತರದ ಕಟ್ಟೆ) ಅಂಚಿಗೆ ಎರಡಿಂಚಿನ ರೇಡಿಯಂ ಟೇಪ್ ಹಚ್ಚಿ. ಅದು ಬೆಳಕು ಕುಡಿದರಷ್ಟೇ ಹೊಳೆಯುತ್ತದೆ. ಹಿಂದಿನ ದೃಶ್ಯದಲ್ಲಿ ಆ ಮೂಲೆ ಮಬ್ಬಾಗಿದ್ದರೆ ಟೇಪ್ ಇದ್ದೂ ಇಲ್ಲದಂತೆ. ಅಂಥ ಕಡೆ ನಿಮ್ಮವರೇ ಹೆಜ್ಜೆ ಎಣಿಸಿ ನಡೆಯಬೇಕು.

ಮೊದಲ ಆಟ 5:05ಕ್ಕೆ ಮುಗಿಯುತ್ತದೆ. ಪರಿಕರಗಳ ಪಟ್ಟಿ ಎರಡು ಪ್ರತಿ ಇರಲಿ, ಚಹಾಕ್ಕೆ ಹೋಗುವ ಮೊದಲೇ ಎರಡನೇ ಆಟಕ್ಕೆ ಜೋಡಿಸಿ. ಒಬ್ಬರು ಓದಲಿ, ಇನ್ನೊಬ್ಬರು ವಸ್ತು ಮುಟ್ಟಿ ಹೇಳಲಿ. ಬೆವರುವ ಪಾತ್ರಗಳಿಗೆ ಎರಡನೇ ಜತೆ ಅಂಗಿ.

ಧ್ವನಿ:
ಮೈಕ್‌ಗೆ ಒಗ್ಗಿದ ನಟರಿದ್ದರೆ ಈಗಿಂದಲೇ ಬಿಡಿಸಿ. ಅಲ್ಲಿ ಮೈಕಿಲ್ಲದೆ ಮಾತು ತಲುಪುತ್ತದೆ. ಕಿರುಚಬೇಕಿಲ್ಲ. ಆದರೆ ತಿರುಗುತ್ತಾ ಮಾತಾಡಿದರೆ ವಾಕ್ಯದ ಕೊನೆ ನುಂಗಿಹೋಗುತ್ತದೆ, ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. "ನಾನು ಅವನನ್ನು ಕೊ..." ಅಂತ ನಟ ತಿರುಗಿದರೆ ಕೊಂದೆನೋ ಕೊಂಡಾಡಿದೆನೋ ತಿಳಿಯದು. ಮಾತು ಮುಗಿಸಿ ತಿರುಗಲಿ. ಸಂಗೀತದ ಫೈಲ್‌ಗಳನ್ನು 01, 02 ಎಂದು ಹೆಸರಿಸಿ ಲ್ಯಾಪ್‌ಟಾಪ್ ಮತ್ತು ಪೆನ್‌ಡ್ರೈವ್ ಎರಡರಲ್ಲೂ ತನ್ನಿ.

ಸಂಘಟನೆ ನೋಡಿಕೊಳ್ಳುವವರು:
ನಾಟಕಕಾರರ ಅನುಮತಿ ಪತ್ರ ಕೈಯಲ್ಲಿರಲಿ. ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳಿಗೆ ಆ ಗೋಜಿಲ್ಲ. ಶ್ರೀರಂಗರದ್ದು 1984, ಅವರ ಮನೆಯವರನ್ನು ಕೇಳಲೇಬೇಕು. ಅನುವಾದವಾದರೆ ಅನುವಾದಕರ ಒಪ್ಪಿಗೆ ಬೇರೆಯೇ ಬೇಕು.

ನಿಮ್ಮ ಊರಿನ ಬಳಗಕ್ಕೆ ಒಂದು ಮಾತು ಬಿಡಿಸಿ ಹೇಳಿ: 7:30 ಎಂದರೆ 7:30. ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ನಿರ್ದೇಶಕರ ಭಾವ ಮೈದುನನಾದರೂ ಅಷ್ಟೇ. ಅತಿಥಿಗಳ ಭಾಷಣ, ಶಾಲು, ಹಾರ ಇದ್ದರೆ ಊರಲ್ಲೇ ಮುಗಿಸಿ. ಜೆ.ಪಿ. ನಗರ ಎರಡನೇ ಹಂತಕ್ಕೆ ನಗರದ ಉತ್ತರದಿಂದ ಬರುವವರಿಗೆ ಒಂದೂವರೆ ಗಂಟೆ ಹೇಳಿ. ಬೇಗ ಬಂದರೆ ನಷ್ಟವಿಲ್ಲ, ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿ ಸಿಗುತ್ತದೆ. ನಟರಿಗೆ ಮಾತ್ರ ಅದು ರಾತ್ರಿಯ ಆಟ ಮುಗಿದ ಮೇಲೆ. ಎರಡು ಆಟಗಳ ನಡುವೆ ಬಾಳೆಹಣ್ಣು, ಇಡ್ಲಿ ಸಾಕು.